ಶುಗರ್ ಫ್ರೀ ಎಂದು ಬೋರ್ಡು ಹಾಕುವ ಮುನ್ನ



ನಾಸಿಕ್ ಇರಲಿ, ಛತ್ರಪತಿ ಸಂಭಾಜಿನಗರ ಇರಲಿ, ನಮ್ಮ ಉಡುಪಿ ಹೋಟೆಲುಗಳಲ್ಲಿ "ಬಿನಸಾಖರೇಚಾ ಚಹಾ" ಕೇಳುವ ಗಿರಾಕಿಗಳು ದಿನೇ ದಿನೇ ಹೆಚ್ಚುತ್ತಿದ್ದಾರೆ. ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿದಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಂಥವರಿಗಾಗಿ ಮೇಜಿನ ಮೇಲೆ ಶುಗರ್ ಫ್ರೀ ಪುಡಿ, ಮದುವೆ ಊಟದಲ್ಲಿ ಶುಗರ್ ಫ್ರೀ ಬಾಸುಂದಿ, ಗುಲಾಬ್ ಜಾಮೂನು ಇಡುವ ರೂಢಿ ಬಂದಿದೆ. ಈ ಕೃತಕ ಸಿಹಿಯಿಂದ ಅಪಾಯ ಎಷ್ಟು, ಬಡಿಸುವ ನಮ್ಮ ಜವಾಬ್ದಾರಿ ಏನು ಎಂಬುದನ್ನು ನಾವು ತಿಳಿದಷ್ಟು ಬರೆಯುತ್ತಿದ್ದೇವೆ.

ಕೃತಕ ಸಿಹಿಗಳಲ್ಲಿ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಪತ್ತೆಯಾದ ಇದು ಸಕ್ಕರೆಗಿಂತ 300ರಿಂದ 500 ಪಟ್ಟು ಸಿಹಿ. ಆಸ್ಪರ್ಟೇಮ್ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಆದ್ದರಿಂದ ಚಿಟಿಕೆಗಿಂತ ಕಡಿಮೆ ಹಾಕಿದರೂ ಒಂದು ಕಪ್ಪಿಗೆ ಸಾಕು.

ಇವುಗಳಿಂದ ಕ್ಯಾನ್ಸರ್ ಬರುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. 1970ರ ದಶಕದಲ್ಲಿ ಸ್ಯಾಕರಿನ್ ತಿನ್ನಿಸಿದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತು. ಇಲಿಯ ದೇಹದಲ್ಲಿ ಆಗುವುದು ಮನುಷ್ಯನಿಗೆ ಅನ್ವಯಿಸುವುದಿಲ್ಲ ಎಂದು ತಿಳಿದ ಮೇಲೆ ಅಮೆರಿಕ 2000ದಲ್ಲಿ ಆ ಸಂಶಯದ ಪಟ್ಟಿಯಿಂದ ಅದನ್ನು ತೆಗೆಯಿತು. ಇನ್ನು 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮ್ ಅನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಗುಂಪಿಗೆ ಸೇರಿಸಿತು. ಅದೇ ವೇಳೆ ಆಹಾರ ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. 70 ಕಿಲೋ ತೂಕದವರು ಈ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿ ಡಯಟ್ ಪಾನೀಯ ಕುಡಿಯಬೇಕಾಗುತ್ತದೆ. ಚಹಾಕ್ಕೆ ಒಂದು ಪೊಟ್ಟಣ ಹಾಕಿಕೊಂಡವರನ್ನು ನಾವು ಹೆದರಿಸಬೇಕಾಗಿಲ್ಲ.

ಆದರೆ ಇದು ಆರೋಗ್ಯಕ್ಕೆ ಒಳ್ಳೆಯದು ಎಂದು ಹೊಗಳುವಂತೆಯೂ ಇಲ್ಲ. ತೂಕ ಇಳಿಸಲು ಕೃತಕ ಸಿಹಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ಬಹುಕಾಲ ಬಳಸಿದವರಲ್ಲಿ ಮಧುಮೇಹ ಮತ್ತು ಹೃದಯರೋಗ ಹೆಚ್ಚು ಕಂಡುಬಂದಿದೆ. ಕಾರಣ ಅದೇ ಎಂದು ಖಚಿತವಾಗಿಲ್ಲ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಬೇಕು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರಿಗಂತೂ ಆಸ್ಪರ್ಟೇಮ್ ಕೂಡದು.

ನಮ್ಮ ಅಡುಗೆಮನೆಗೆ ಸಂಬಂಧಿಸಿದ ಮಾತು ಬೇರೆಯೇ ಇದೆ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ 120 ಡಿಗ್ರಿಗಿಂತ ಹೆಚ್ಚು ಕಾದರೆ ಕ್ಲೋರಿನ್ ಸೇರಿದ ಹಾನಿಕರ ವಸ್ತುಗಳು ಉಂಟಾಗಬಹುದು ಎಂದು ಜರ್ಮನಿಯ ಸರ್ಕಾರಿ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಚಹಾ, ಕಾಫಿ ಅಷ್ಟು ಕಾಯುವುದಿಲ್ಲ. ಓವನ್ನಿನ ಕೇಕು, ಬಿಸ್ಕತ್ತಿಗೆ ಹಾಕುವಾಗ ಯೋಚಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ "ಶುಗರ್ ಫ್ರೀ" ಎಂಬ ಹೆಸರಿನಲ್ಲೇ ಇದೆ. ಬಾಸುಂದಿಯಲ್ಲಿ ಹಾಲಿನ ಸಕ್ಕರೆ ಇದ್ದೇ ಇರುತ್ತದೆ. ಜಾಮೂನಿನಲ್ಲಿ ಖೋವಾ, ಮೈದಾ, ತುಪ್ಪ ಇದೆ. ಬೋರ್ಡು ನೋಡಿ ಧೈರ್ಯವಾಗಿ ನಾಲ್ಕು ತಿಂದ ಕಾಯಿಲೆಯವರಿಗೆ ರಕ್ತದ ಸಕ್ಕರೆ ಏರುತ್ತದೆ. ಅವರು ನಂಬಿದ್ದು ನಮ್ಮ ಬೋರ್ಡನ್ನು.

ಇನ್ನೊಂದು ಆಸೆಯ ವಿಷಯ. ಸಂಭಾಜಿನಗರದ ಏಪ್ರಿಲ್–ಮೇ ಬಿಸಿಲಿನಲ್ಲಿ ಶರಬತ್ತು, ಐಸ್ ಗೋಲಾ ಜೋರಾಗಿ ಹೋಗುತ್ತವೆ. ಸಕ್ಕರೆಯ ಖರ್ಚು ಉಳಿಸಲು ಸ್ಯಾಕರಿನ್ ಬೆರೆಸುವವರಿದ್ದಾರೆ. ಯಾವ ಪದಾರ್ಥಕ್ಕೆ ಯಾವ ಕೃತಕ ಸಿಹಿ, ಎಷ್ಟು ಎಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಕೈಅಳತೆಯಲ್ಲಿ ಹಾಕಿದರೆ ಮಿತಿ ದಾಟುವುದು ಸುಲಭ, ಗೋಲಾ ತಿನ್ನುವವರು ಹೆಚ್ಚಾಗಿ ಮಕ್ಕಳು. ಅವರ ತೂಕ ಕಡಿಮೆ, ಮಿತಿಯೂ ಕಡಿಮೆ. ಎಫ್‌ಡಿಎ ಅಧಿಕಾರಿಗಳು ಒಯ್ದ ಸ್ಯಾಂಪಲ್ ಕಳಪೆ ಎಂದು ಸಾಬೀತಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ 5 ಲಕ್ಷ ರೂಪಾಯಿವರೆಗೆ, ಲೇಬಲ್ ತಪ್ಪಿದ್ದರೆ 3 ಲಕ್ಷದವರೆಗೆ ದಂಡವಿದೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ:

1. ಚಹಾ, ಕಾಫಿ, ಜ್ಯೂಸನ್ನು ಸಕ್ಕರೆ ಇಲ್ಲದೆಯೇ ಕೊಡಿ. ಕೃತಕ ಸಿಹಿ ಬೇಕೆಂದವರಿಗೆ ಕಂಪೆನಿಯ ಮುಚ್ಚಿದ ಪೊಟ್ಟಣ ಕೊಡಿ, ಅವರೇ ಹಾಕಿಕೊಳ್ಳಲಿ.

2. ಹೆಸರಿಲ್ಲದ ಬಿಡಿ ಪುಡಿಯನ್ನು ಉಗ್ರಾಣದೊಳಗೆ ತರಬೇಡಿ.

3. ಮಿಠಾಯಿಗೆ ಹಾಕಿದ್ದರೆ ಅದರ ಹೆಸರನ್ನು ಬರೆಯಿರಿ. "ಸಕ್ಕರೆ ಸೇರಿಸಿಲ್ಲ, ಹಾಲು ಮತ್ತು ಮೈದಾ ಇದೆ" ಎಂಬ ಚೀಟಿ ಕನ್ನಡ, ಮರಾಠಿ ಎರಡರಲ್ಲೂ ಇರಲಿ.

4. ಮಕ್ಕಳಿಗೆ, ಗರ್ಭಿಣಿಯರಿಗೆ ಸಪ್ಲಾಯರ್‌ಗಳು ತಾವಾಗಿ ಕೊಡುವುದು ಬೇಡ.

ಇದನ್ನು ಅಡುಗೆ ಭಟ್ಟರಿಗೂ ಸಪ್ಲಾಯರ್‌ಗಳಿಗೂ ಒಮ್ಮೆ ಓದಿ ಹೇಳಬೇಕಾಗಿ ಪ್ರಾರ್ಥನೆ.