ನೋಟಿಫಿಕೇಶನ್ ಮತ್ತು ಕೆಲಸದ ವೇಳೆ: ಕೆಲವು ತಪ್ಪು ಕಲ್ಪನೆಗಳು

ಕೆಲಸದ ನಡುವೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಬರುವ ನೋಟಿಫಿಕೇಶನ್‌ಗಳನ್ನು ತೆರೆದು ಓದಿದರೆ ಮಾತ್ರ ಸಮಯ ಹಾಳಾಗುತ್ತದೆ, ಸದ್ದು ಕೇಳಿಯೂ ಸುಮ್ಮನಿದ್ದರೆ ನಷ್ಟವಿಲ್ಲ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಿತಾಂಶ ಇದಕ್ಕೆ ವಿರುದ್ಧವಾಗಿದೆ. ಪರದೆಯ ಮೇಲೆ ಬೇಗಬೇಗನೆ ಮೂಡುವ ಪ್ರತಿ ಅಂಕಿಗೂ ಗುಂಡಿ ಒತ್ತುತ್ತ, 3 ಬಂದಾಗ ಮಾತ್ರ ಕೈ ತಡೆಹಿಡಿಯಬೇಕಾದ ಕೆಲಸದಲ್ಲಿ ತೊಡಗಿದ್ದವರು, ಕರೆ ಅಥವಾ ಸಂದೇಶ ಬಂದ ಸದ್ದು ಕೇಳಿದಾಗ ಫೋನನ್ನು ಮುಟ್ಟದೆ ಇದ್ದರೂ ಹೆಚ್ಚು ತಪ್ಪುಗಳನ್ನು ಮಾಡಿದರು. ಯಾರು ಕಳುಹಿಸಿರಬಹುದು, ಏನು ವಿಷಯವಿರಬಹುದು ಎಂಬ ಯೋಚನೆಯೇ ಗಮನದ ಒಂದು ಪಾಲನ್ನು ಸೆಳೆದುಕೊಳ್ಳುತ್ತದೆ ಎಂಬುದು ಇದಕ್ಕೆ ಅವರು ಕೊಡುವ ವಿವರಣೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ವಿವರಿಸಿದ ‘ಗಮನದ ಶೇಷ’ವೆಂಬ ಪರಿಕಲ್ಪನೆಯೂ ಇದಕ್ಕೆ ಹತ್ತಿರದ್ದೇ; ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದಂಶ ಹಳೆಯದರಲ್ಲೇ ಉಳಿದು, ಹೊಸ ಕೆಲಸದ ಗುಣಮಟ್ಟವನ್ನು ತಗ್ಗಿಸುತ್ತದೆ ಎಂಬುದು ಅದರ ತಿರುಳು.

ಇದಕ್ಕೆ ವ್ಯತಿರಿಕ್ತವಾದ ಉತ್ಪ್ರೇಕ್ಷೆಯೊಂದೂ ಪ್ರಚಾರದಲ್ಲಿದೆ. ಒಮ್ಮೆ ಗಮನ ತಪ್ಪಿದರೆ 23 ನಿಮಿಷ ವ್ಯರ್ಥವಾಗುತ್ತದೆ ಎಂದು ಸಂಶೋಧಕಿ ಗ್ಲೋರಿಯಾ ಮಾರ್ಕ್ ಅವರ ಹೆಸರಿನಲ್ಲಿ ಹೇಳುವುದು ವಾಡಿಕೆಯಾಗಿದೆ. ಆದರೆ ಮಾರ್ಕ್ ಅವರ ತಂಡ ಕಚೇರಿಗಳಲ್ಲಿ ಗಮನಿಸಿದ್ದೇನೆಂದರೆ, ನಿಂತ ಕೆಲಸಕ್ಕೆ ಮರಳುವ ಮೊದಲು ನೌಕರರು ಬೇರೆ ಒಂದೆರಡು ಕೆಲಸಗಳಿಗೆ ಕೈಹಾಕುತ್ತಿದ್ದರು; ಆದ್ದರಿಂದ ಆ ಅವಧಿಯನ್ನೆಲ್ಲ ವ್ಯರ್ಥ ಕಾಲವೆಂದು ಲೆಕ್ಕ ಹಾಕುವುದು ಸರಿಯಲ್ಲ. ಇದೇ ತಂಡದ 2008ರ ಪ್ರಯೋಗದಲ್ಲಿ ಅಡ್ಡಿಗೊಳಗಾದವರು ಕೆಲಸವನ್ನು ಇನ್ನೂ ಬೇಗ ಮುಗಿಸಿದರು. ಅದಕ್ಕಾಗಿ ಅವರು ತೆತ್ತದ್ದು ಹೆಚ್ಚಿನ ಒತ್ತಡ, ಹತಾಶೆ ಮತ್ತು ಶ್ರಮ. ನಿಮಿಷಗಳ ಲೆಕ್ಕಕ್ಕಿಂತ ಈ ದಣಿವೇ ಹೆಚ್ಚು ಗಂಭೀರವೆಂದು ಪರಿಗಣಿಸಬೇಕು, ಏಕೆಂದರೆ ಸಂಜೆಯ ವೇಳೆಗೆ ಅದು ಯಾವ ಹಾಜರಿ ಪುಸ್ತಕದಲ್ಲೂ ಕಾಣಿಸುವುದಿಲ್ಲ.

ಫೋನನ್ನು ಸೈಲೆಂಟ್‌ನಲ್ಲಿಟ್ಟರೆ ಸಾಕು ಎಂಬ ನಂಬಿಕೆಯೂ ಎಲ್ಲರ ವಿಷಯದಲ್ಲಿ ನಿಜವಲ್ಲ. ಐಫೋನ್ ಬಳಕೆದಾರರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫೋನಿನ ಸದ್ದಡಗಿಸಿದವರೇ ಅದನ್ನು ಹೆಚ್ಚು ಸಲ ತೆಗೆದು ನೋಡಿದರು. ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಉಳ್ಳವರಲ್ಲಿ ಈ ಪ್ರವೃತ್ತಿ ಇನ್ನೂ ಪ್ರಬಲವಾಗಿತ್ತು.

ಹಾಗಾದರೆ ಎಲ್ಲವನ್ನೂ ನಿಲ್ಲಿಸಿಬಿಡುವುದೇ ಪರಿಹಾರವೆಂದು ತೋರಬಹುದು. ಭಾರತದಲ್ಲೇ 237 ಜನರ ಮೇಲೆ ಎರಡು ವಾರ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿತು. ನೋಟಿಫಿಕೇಶನ್‌ಗಳನ್ನು ಕೂಡಿಟ್ಟು ದಿನಕ್ಕೆ ಮೂರು ಸಲ ನಿಗದಿತ ವೇಳೆಯಲ್ಲಿ ಒಟ್ಟಾಗಿ ಪಡೆದವರು ತಮ್ಮ ಏಕಾಗ್ರತೆ, ಕಾರ್ಯಕ್ಷಮತೆ ಮತ್ತು ಮನಃಸ್ಥಿತಿ ಸುಧಾರಿಸಿತೆಂದು ತಿಳಿಸಿದರೆ, ಅವು ಒಂದೂ ಬಾರದಂತೆ ಮಾಡಿಕೊಂಡವರಲ್ಲಿ ಆತಂಕ ಹೆಚ್ಚಿತು. ಮುಂದಿನ ಸುದ್ದಿ ಯಾವಾಗ ಬರುತ್ತದೆಂಬ ಖಾತ್ರಿ ಇರುವವನು ನಡುವೆ ಹುಡುಕಹೋಗುವುದಿಲ್ಲ ಎಂಬ ಸರಳ ಕಾರಣವನ್ನು ಇಲ್ಲಿ ಊಹಿಸಬಹುದು.

ಇಂಥ ವ್ಯವಸ್ಥೆಗೆ ಪ್ರತ್ಯೇಕ ಆ್ಯಪ್ ಬೇಕೆಂದೇನೂ ಇಲ್ಲ. ಐಫೋನ್‌ಗಳಲ್ಲಿ 2021ರಿಂದ ನೋಟಿಫಿಕೇಶನ್‌ಗಳನ್ನು ನಿಗದಿತ ವೇಳೆಗೆ ಒಟ್ಟಾಗಿ ತೋರಿಸುವ ಸೌಲಭ್ಯವಿದೆ; ಆ್ಯಂಡ್ರಾಯ್ಡ್‌ನಲ್ಲಿ 2017ರ ಎಂಟನೆಯ ಆವೃತ್ತಿಯಿಂದ ‘ಚಾನೆಲ್’ಗಳಿದ್ದು, ಒಂದೇ ಆ್ಯಪ್‌ನ ಬೇರೆಬೇರೆ ಬಗೆಯ ನೋಟಿಫಿಕೇಶನ್‌ಗಳಲ್ಲಿ ಬೇಡವಾದುದನ್ನು ಮಾತ್ರ ನಿಲ್ಲಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂಧುಬಳಗದ ಗ್ರೂಪ್ ಒಂದನ್ನು ಎಂಟು ಗಂಟೆ, ಒಂದು ವಾರ ಅಥವಾ ಶಾಶ್ವತವಾಗಿ ಮ್ಯೂಟ್ ಮಾಡಿದರೂ ಮೇಲಧಿಕಾರಿಯ ಸಂದೇಶ ಎಂದಿನಂತೆ ಬರುತ್ತದೆ. ಆದರೆ ಕಚೇರಿಯ ಗ್ರೂಪ್‌ನಲ್ಲೇ ಹುಟ್ಟುಹಬ್ಬದ ಶುಭಾಶಯವೂ ತುರ್ತು ಸುತ್ತೋಲೆಯೂ ಬೆರೆತು ಬರುವಾಗ ಯಾವ ಸೆಟ್ಟಿಂಗ್ ಕೂಡ ನೌಕರನಿಗೆ ನೆರವಾಗುವುದಿಲ್ಲ. ತುರ್ತಾದುದನ್ನು ಕರೆ ಮಾಡಿ ತಿಳಿಸಬೇಕು, ಉಳಿದ ಸಂದೇಶಗಳಿಗೆ ತಕ್ಷಣದ ಉತ್ತರ ನಿರೀಕ್ಷಿಸಬಾರದು ಎಂಬ ನಿಯಮವನ್ನು ಮಾಡಬೇಕಾದದ್ದು ಆ ಗ್ರೂಪ್ ನಡೆಸುವ ಅಧಿಕಾರಿಯೇ.