ಅಮೃತಾಂಜನ್ ಸೇತುವೆಗೆ ವಯಸ್ಸಾಗಿತ್ತೇ?

ಲೋಣಾವಳಾ ಬಿಟ್ಟು ಖಂಡಾಲಾ ದಾಟಿ ಮುಂಬೈ ಕಡೆ ಬೋರ್‌ಘಾಟ್ ಇಳಿಯುವಲ್ಲಿ, ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ಕಲ್ಲಿನ ಕಮಾನು ಸೇತುವೆಯೊಂದಿತ್ತು. ತಲೆನೋವಿನ ಮುಲಾಮಿನ ಜಾಹೀರಾತು ಫಲಕದಿಂದ ಅದಕ್ಕೆ ಅಮೃತಾಂಜನ್ ಸೇತುವೆ ಎಂಬ ಹೆಸರೇ ಅಂಟಿಕೊಂಡಿತು. ಕಟ್ಟಿಸಿದವರ ಹೆಸರು ಯಾರಿಗೂ ಬೇಕಾಗಲಿಲ್ಲ. 2020ರ ಏಪ್ರಿಲ್ 5ರಂದು, ಲಾಕ್‌ಡೌನ್‌ನಿಂದ ರಸ್ತೆ ಬಿಕೋ ಎನ್ನುತ್ತಿದ್ದಾಗ, ಸಿಡಿಮದ್ದಿಟ್ಟು ಅದನ್ನು ಕೆಡವಲಾಯಿತು. 190 ವರ್ಷದ ಸೇತುವೆ ಎಂದು ಸುದ್ದಿಯಾಯಿತು. ಮುದಿಯಾಗಿತ್ತು, ಬೀಳುವ ಮೊದಲೇ ಕೆಡವಿದರು ಎಂದು ಓದಿದವರಿಗೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಆದರೆ ಕಲ್ಲಿನ ಕಮಾನಿನ ಮಟ್ಟಿಗೆ ವಯಸ್ಸು ಅಂಥ ಗಟ್ಟಿ ಸಾಕ್ಷಿಯಲ್ಲ.

ಕಮಾನಿನ ಬೆಣೆಗಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ನಿಲ್ಲುತ್ತವೆ. ಎಳೆದರೆ ಬೇಗ ಸೀಳುವ ಕಲ್ಲು, ಒತ್ತಿದರೆ ತಡೆದುಕೊಳ್ಳುತ್ತದೆ. ಕಂಬ ಕದಲದೆ, ಗಾರೆ ಸವೆಯದೆ ಇದ್ದರೆ ಶತಮಾನಗಳು ಅದಕ್ಕೆ ಲೆಕ್ಕವಲ್ಲ. ಎಳೆಯ ವಯಸ್ಸಿನಲ್ಲೇ ಬಿದ್ದ ಸೇತುವೆಯ ಕಥೆಯೂ ಇದೇ ಬೋರ್‌ಘಾಟ್‌ನಲ್ಲಿದೆ. ಇಂದು ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಇಳಿಯುವ ಈ ಘಾಟಿಯ ರೈಲುದಾರಿ 1863ರಲ್ಲಿ ತೆರೆಯಿತು: 1,831 ಅಡಿ ಏರು, 25 ಸುರಂಗ, ಒಂದು ಹಂತದಲ್ಲಿ 42,000 ಕೂಲಿಯಾಳು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ, ಗುತ್ತಿಗೆಯನ್ನು ಕೈಬಿಡದೆ ಮುಗಿಸಿದ್ದು ಹೆಂಡತಿ ಆಲಿಸ್. ಆ ದಾರಿಯ ಮಹೂ ಕಿ ಮಲ್ಲಿ ಕಮಾನು ಸೇತುವೆ 1867ರ ಜುಲೈನಲ್ಲಿ, ತೆರೆದು ನಾಲ್ಕೇ ವರ್ಷಕ್ಕೆ ಕುಸಿಯಿತು. ಕಾರಣ ಕಳಪೆ ಕಲ್ಲುಕಟ್ಟಡ. ಅಮೃತಾಂಜನ್ ಸೇತುವೆಯಾದರೋ ಮದ್ದಿಡುವವರೆಗೆ ನಿಂತೇ ಇತ್ತು.

ಹಾಗಾದರೆ ತೊಡಕೇನು? ಹೆದ್ದಾರಿಯನ್ನು ಅದರ ಕಾಲುಗಳ ನಡುವೆ ತೂರಿಸಿದ್ದು. ಕಂಬಗಳಿದ್ದಲ್ಲಿ ದಾರಿ ಇಕ್ಕಟ್ಟಾಗಿ ವಾಹನ ಕಟ್ಟಿಕೊಳ್ಳುತ್ತಿತ್ತು, ಅಪಘಾತಗಳಾಗುತ್ತಿದ್ದವು. ಜೀವಕ್ಕಿಂತ ಕಲ್ಲು ದೊಡ್ಡದೇ ಎಂಬ ಪ್ರಶ್ನೆಗೆ ಎದುರಾಡಲಾಗದು. ಅದು ಅಲ್ಲಿಂದ ಏಳಲೇಬೇಕಿತ್ತು ಎಂದು ಒಪ್ಪೋಣ. ಆದರೆ ಏಳಿಸಲು ಸ್ಫೋಟವೊಂದೇ ದಾರಿಯಲ್ಲ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆಗೆ ವಿಶ್ರಾಂತಿ ಕೊಟ್ಟು ವಾಹನಗಳಿಗೆ ಬೇರೆ ಸೇತುವೆ ಮಾಡಿದರು. ಅದು ಹೊಳೆಯ ಮೇಲಿತ್ತು, ಪಕ್ಕದಲ್ಲಿ ಜಾಗವಿತ್ತು. ಘಾಟಿಯಲ್ಲಿ ಎಲ್ಲಿಯ ಜಾಗ ಎನ್ನಬಹುದು. ಸರಿ. ಒಂದೇ ಒಂದು ಕಮಾನನ್ನಾದರೂ ಕಲ್ಲಿಗೆ ಅಂಕಿ ಹಾಕಿ ಬಿಚ್ಚಿ, ಲೋಣಾವಳಾದಲ್ಲೆಲ್ಲೋ ಮರುಜೋಡಿಸಬಹುದಿತ್ತಲ್ಲ? ಲಾಕ್‌ಡೌನ್‌ನಲ್ಲಿ ಅಷ್ಟು ಆಳು ಎಲ್ಲಿ ಸಿಗಬೇಕು ಎಂದರೆ, ಹೆದ್ದಾರಿ ಪೂರ್ತಿ ತೆರೆದದ್ದು 2002ರಲ್ಲಿ.