ಸಿಹಿ ತಿಂದದ್ದಕ್ಕೆ ಬಂದದ್ದಲ್ಲ

ಮಗುವಿಗೆ ಟೈಪ್ 1 ಮಧುಮೇಹ ಎಂದು ಗೊತ್ತಾದ ದಿನ ಅಪ್ಪ-ಅಮ್ಮ ಮೊದಲು ಯೋಚಿಸುವುದು ತಪ್ಪು ಯಾರದೆಂದು. ಚಾಕೊಲೇಟ್ ಕೊಡಿಸಿದ ಅಜ್ಜನದೇ? ಯಾರದೂ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿರುತ್ತದೆ.

ಅಷ್ಟರಲ್ಲಿ ಊರಿನಿಂದ ಫೋನು: "ಇಂಜೆಕ್ಷನ್ ಅಭ್ಯಾಸ ಮಾಡಿಸಬೇಡಿ, ನಾಟಿ ಔಷಧಿ ಇದೆ." ನಿಜವಾದ ಅಪಾಯ ಇಲ್ಲಿದೆ. ಚಿಕಿತ್ಸೆ ಶುರುವಾದ ಮೇಲೆ ಎಷ್ಟೋ ಮಕ್ಕಳಿಗೆ ಕೆಲವು ತಿಂಗಳು ಇನ್ಸುಲಿನ್ ಅಗತ್ಯ ತಾನಾಗಿಯೇ ಇಳಿಯುತ್ತದೆ. ವೈದ್ಯರು ಇದನ್ನು 'ಹನಿಮೂನ್' ಎನ್ನುತ್ತಾರೆ. ಔಷಧಿ ಫಲಿಸಿತೆಂದು ಭ್ರಮೆ ಹುಟ್ಟುವುದು ಆಗಲೇ. ಇಂಜೆಕ್ಷನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೇ ಕುತ್ತು.

ಸಕ್ಕರೆ ಇಳಿದಾಗಿನ ಪಾಠ ಸರಳ. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಗ್ಲೂಕೋಸ್ ಅಥವಾ ಸಕ್ಕರೆ ನೀರು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಇದು ಕ್ಲಾಸ್ ಟೀಚರಿಗೂ ಗೊತ್ತಿರಲಿ. ಭಾಷೆ ಬೇರೆಯ ಊರಲ್ಲಿ ಶಾಲೆಯವರನ್ನು ಕೇಳಲು ಹಿಂಜರಿಯುತ್ತೇವೆ. ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ತಿಂಡಿ ಇಟ್ಟುಕೊಳ್ಳಲು ಅನುಮತಿ ಕೊಟ್ಟಿದೆ.

ರಜೆಗೆ ಊರಿಗೆ ಹೊರಟರೆ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕರೆಂಟು ಹೋಗುವ ಅಜ್ಜಿಮನೆಯಲ್ಲಿ ಒದ್ದೆ ಮಣ್ಣಿನ ಮಡಕೆ ಫ್ರಿಜ್ಜಿನ ಕೆಲಸ ಸುಮಾರಾಗಿ ಮಾಡುತ್ತದೆ. ಇನ್ನು ಹಬ್ಬದ ಹೋಳಿಗೆ? ಅದಕ್ಕೆ ತಕ್ಕ ಇನ್ಸುಲಿನ್ ಲೆಕ್ಕವನ್ನು ವೈದ್ಯರಿಂದ ಕಲಿತಿದ್ದರೆ, ಒಂದು ತಿನ್ನಲಿ ಬಿಡಿ.